ವೆಂಕಪ್ಪ ಗೌಡರ ತೋಟೆಪಟ್ಟಿ

ಬದುಕಿದ್ದಷ್ಟು ದಿನ ನಮ್ಮ ಮನೆಯಲ್ಲಿ ವೆಂಕಪ್ಪ ಗೌಡರನ್ನು ಯಾರೂ ಗೌಡರೇ ಎಂದು ಕರೆಯಲಿಲ್ಲ. ನಾನೂ ಕರೆಯಲಿಲ್ಲ. ನನಗಿಂತ ಹದಿನೈದು ವರ್ಷ ದೊಡ್ಡವರನ್ನು ‘ಏ ವೆಂಕಪ್ಪ’ ಎಂದು ಅಂಗಳದಲ್ಲಿ ನಿಂತು ಕೂಗುತ್ತಿದ್ದೆ. ಈಗ ಬರೆಯಲು ಕುಳಿತಾಗ ಮರ್ಯಾದೆ ನೆನಪಾಗಿದೆ. ಸತ್ತವರಿಗೆ ಮರ್ಯಾದೆ ಕೊಡುವುದು ಬಹಳ ಸುಲಭದ ಕೆಲಸ, ಅವರು ಎದುರು ನಿಂತು ನಮ್ಮ ಮುಖ ನೋಡುವುದಿಲ್ಲವಲ್ಲ.

ನನ್ನ ಹೆಸರು ಕೃಷ್ಣಮೋಹನ. ಅಪ್ಪ ತೀರಿಕೊಂಡ ಮೇಲೆ ಈಶ್ವರಮಂಗಲದಿಂದ ಕೊಲ್ಲಮೊಗ್ರಿಗೆ ಬಂದು ಸೋದರಮಾವ ತಿರುಮಲೇಶ್ವರ ಭಟ್ಟರ ಮನೆಯಲ್ಲಿ ಉಳಿದವನು. ಮಾವನ ಕಾಗದಪತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅದರಲ್ಲಿ ಕೋವಿಯ ಲೈಸೆನ್ಸೂ ಸೇರಿತ್ತು. ಮಾವನ ಗದ್ದೆ ಮುಗಿದಲ್ಲಿ ಕಾಡು ಶುರು. ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿಗಳು ಇಳಿಯುತ್ತಿದ್ದವು. ಬೆಳೆ ಕಾಯುವುದಕ್ಕೆಂದು ಸರಕಾರ ಮಾವನಿಗೆ ಒಂಟಿ ನಳಿಗೆಯ ಕೋವಿ ಇಟ್ಟುಕೊಳ್ಳಲು ಅನುಮತಿ ಕೊಟ್ಟಿತ್ತು.

ಆದರೆ ಮಾವ ಕೋವಿ ಹಿಡಿಯುವವರಲ್ಲ. ಬೆಳಿಗ್ಗೆ ಸಂಜೆ ಜಪ ಮಾಡುವ ಕೈ ಅದು, ಜೀವ ತೆಗೆಯಬಾರದು. ಹಾಗಾಗಿ ಹಂದಿ ಹೊಡೆಯುವ ಕೆಲಸ ಗೇಣಿ ಒಕ್ಕಲು ವೆಂಕಪ್ಪ ಗೌಡರದ್ದು. ಗೌಡರಿಗೆ ಸ್ವಂತ ಜಾಗ ಇಲ್ಲ, ಜಾಗ ಇಲ್ಲದವನಿಗೆ ಲೈಸೆನ್ಸ್ ಯಾರು ಕೊಡುತ್ತಾರೆ? ಕೋವಿ ನಮ್ಮದು, ಗುರಿ ಅವರದು. ಕೊಂದ ಪಾಪ ಅವರಿಗೆ, ಉಳಿದ ಭತ್ತ ನಮಗೆ. ಈ ಏರ್ಪಾಡು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ನನಗೂ ಅನ್ನಿಸಲಿಲ್ಲ.

ಗೌಡರದು ಸಣ್ಣ ಆಳು, ಒಣಕಲು ಮೈ. ಮಾತು ಕಡಿಮೆ. ನಗುವಾಗಲೂ ಯಾರದೋ ಅಪ್ಪಣೆ ಕೇಳಿ ನಕ್ಕ ಹಾಗೆ ಕಾಣುತ್ತಿತ್ತು. ಆದರೆ ಕಾಡಿನೊಳಗೆ ಹೋದರೆ ಬೇರೆಯೇ ಮನುಷ್ಯ. ಒಂದೆರಡು ಸಲ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿ ಅವರು ನನಗೆ ಕಣ್ಣಲ್ಲೇ ‘ಕೂತ್ಕೋ’ ಎಂದು ಗದರಿಸಿದ್ದರು, ನಾನು ತೆಪ್ಪಗೆ ಕೂತಿದ್ದೆ. ಅಂಗಳಕ್ಕೆ ಬಂದ ಕೂಡಲೇ ನಾನು ಮತ್ತೆ ಸಣ್ಣ ಧಣಿ, ಅವರು ಮತ್ತೆ ವೆಂಕಪ್ಪ.

ಕೋವಿಯ ತೋಟೆ ಇಡಲಿಕ್ಕೆ ಅವರಲ್ಲಿ ಏನೂ ಇರಲಿಲ್ಲ. ಒಂದನ್ನು ಕೋವಿಗೆ ತುಂಬಿ, ಎರಡನ್ನು ಸೊಂಟದ ಮುಂಡಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡು, ಇನ್ನೊಂದನ್ನು ತಲೆಯ ಅಡಿಕೆಹಾಳೆಯ ಮುಟ್ಟಾಳೆಯೊಳಗೆ ಇಟ್ಟುಕೊಂಡು ಹೋಗುತ್ತಿದ್ದರು. ಐವತ್ತೇಳನೇ ಇಸವಿಯಲ್ಲಿ ಒಮ್ಮೆ ಹಂದಿ ತಿರುಗಿ ಬಿದ್ದು ಅವರು ತೋಡು ಹಾರುವಾಗ ಮಡಿಕೆಯ ಎರಡು ತೋಟೆಗಳು ನೀರಿಗೆ ಬಿದ್ದವು. ಗೌಡರು ಮರ ಹತ್ತಿ ಬದುಕಿಕೊಂಡರು. ಸಂಜೆ ಮೊಣಕಾಲಿನ ರಕ್ತ ಒರೆಸಿಕೊಂಡು ಬಂದು ನಡೆದದ್ದನ್ನು ಹೇಳಿದಾಗ ಮಾವ ಕೇಳಿದ ಮೊದಲ ಮಾತು, “ಎರಡೂ ಹೋಯ್ತಾ?”

ತೋಟೆಗೂ ಲೆಕ್ಕ ಕೇಳುವ ಕಾಲ. ಎರಡು ತೋಟೆ ಏನಾಯಿತು ಎಂದು ಯಾರಾದರೂ ಕೇಳಿದರೆ ಏನು ಹೇಳುವುದು ಎಂಬುದು ಮಾವನ ಚಿಂತೆ. ಆ ಚಿಂತೆಯಿಂದಲೇ ಸೊಂಟಕ್ಕೆ ಕಟ್ಟುವ ತೋಟೆಪಟ್ಟಿ ಮಾಡಿಸುವ ತೀರ್ಮಾನ ಆಯಿತು. ಗೌಡರ ಜೀವಕ್ಕೆಂದು ಮಾಡಿಸಿದ್ದು ಎಂದು ಮಾವ ಆಮೇಲೆ ಹತ್ತು ಜನರ ಎದುರು ಹೇಳಿದ್ದುಂಟು. ಅದು ಸುಳ್ಳು. ಆ ದಿನ ಜಗಲಿಯಲ್ಲಿ ನಾನೂ ಇದ್ದೆ.

ಲೈಸೆನ್ಸ್ ಕೆಲಸಕ್ಕೆ ಪುತ್ತೂರಿಗೆ ಹೋಗುವಾಗ ಮಾವ ನನ್ನ ಜೊತೆ ಗೌಡರನ್ನೂ ಕರೆದುಕೊಂಡರು, ಬರುವಾಗ ಸಾಮಾನು ಹೊರಲಿಕ್ಕೆ ಜನ ಬೇಕಲ್ಲ. ಪೇಟೆಯ ಒಂದು ಓಣಿಯಲ್ಲಿ ಮೊಯ್ದಿನಬ್ಬ ಎಂಬವರ ಅಂಗಡಿ. ಬ್ಯಾರಿಗಳು ಮುಂಡಿನ ಮೇಲೆ ಕಟ್ಟುವ ಅಗಲದ ಬೆಲ್ಟು, ಗಾಡಿಯವರ ಚೀಲ, ಕುದುರೆ ಇಲ್ಲದ ಊರಿನಲ್ಲಿ ಯಾರಿಗೋ ಬೇಕಾದ ಲಗಾಮು, ಎಲ್ಲ ಅಲ್ಲಿ ಹೊಲಿದು ಕೊಡುತ್ತಿದ್ದರು. ಕನ್ನಡಕದ ಒಂದು ಕಾಲಿನ ಬದಲು ನೂಲು ಕಟ್ಟಿಕೊಂಡಿದ್ದ ಮುದುಕ. ನಾವು ಮೂವರು ಹೋಗಿ ನಿಂತಾಗ ಅವರು ಕೇಳಿದ ಮೊದಲ ಪ್ರಶ್ನೆ, “ಯಾರ ಸೊಂಟಕ್ಕೆ?”

“ಲೈಸೆನ್ಸ್ ನನ್ನದು,” ಎಂದರು ಮಾವ.

“ಲೈಸೆನ್ಸಿಗೆ ಸೊಂಟ ಇಲ್ಲ ಭಟ್ರೆ. ಕಾಡಿಗೆ ಹೋಗುದು ಯಾರು?”

ಮಾವ ಗೌಡರ ಕಡೆ ಗದ್ದ ಎತ್ತಿ ತೋರಿಸಿದರು. ಗೌಡರು ಚೀಲ ಹಿಡಿದುಕೊಂಡು ಬೀದಿಯಲ್ಲೇ ನಿಂತಿದ್ದರು. ಮೊಯ್ದಿನಬ್ಬ ಎದ್ದು ಹೋಗಿ, “ಗೌಡ್ರೆ, ಒಳಗೆ ಬನ್ನಿ ಮಾರಾಯ್ರೆ, ಬೀದಿಯಲ್ಲಿ ನಿಂತವರ ಅಳತೆ ತೆಗಿಲಿಕ್ಕೆ ಆಗುದಿಲ್ಲ” ಎಂದರು. ಗೌಡರು ಮಾವನ ಮುಖ ನೋಡಿದರು. ಮಾವ ರಸ್ತೆಯ ಆಚೆಯ ಬೋರ್ಡನ್ನು ಓದುತ್ತಿದ್ದರು.

ಅಂಥ ಅಳತೆಯನ್ನು ನಾನು ಅದಕ್ಕೆ ಮೊದಲೂ ಆಮೇಲೂ ನೋಡಿಲ್ಲ. ಗೌಡರನ್ನು ನಿಲ್ಲಿಸಿ ಒಮ್ಮೆ ನೂಲು ಸುತ್ತಿದರು, ಕುಕ್ಕರುಗಾಲಲ್ಲಿ ಕೂರಿಸಿ ಒಮ್ಮೆ, ಉಸಿರು ಎಳೆಸಿ ಒಮ್ಮೆ. ಉಂಡು ಬಂದಿದ್ದಾರಾ ಎಂದು ಕೇಳಿದರು. ಇಲ್ಲ ಎಂದಾಗ ಪಕ್ಕದ ಅಂಗಡಿಯಿಂದ ಅವಲಕ್ಕಿ, ಬಾಳೆಹಣ್ಣು, ಚಾ ತರಿಸಿ, “ತಿನ್ನಿ, ಖಾಲಿ ಹೊಟ್ಟೆಗೆ ಬೆಲ್ಟು ಹೊಲಿದ್ರೆ ಉಂಡ ದಿವಸ ಉಸಿರು ಕಟ್ತದೆ” ಎಂದರು. ಮಾವನ ಜೊತೆ ಬೆಳಗಿನ ಜಾವ ಹೊರಟು ಮಧ್ಯಾಹ್ನವಾಗಿತ್ತು. ಗೌಡರು ಹಸಿದಿದ್ದಾರೆ ಎಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಆಮೇಲೆ ಯಾವುದು ಎಲ್ಲಿ ಎಂಬ ವಿಚಾರ. ಬಕ್ಕಲು ಹೊಟ್ಟೆಯ ನಡುವೆ ಬೇಡ, ಮಕಾಡೆ ಮಲಗಿದರೆ ಚುಚ್ಚುತ್ತದೆ, ಎಡಕ್ಕೆ ಸರಿಯಲಿ. ಕತ್ತಿ ಬಲಗಡೆ, ಸ್ವಲ್ಪ ಹಿಂದೆ. ಬೆನ್ನಿನ ಜಾಗ ಖಾಲಿ, ಮರಕ್ಕೆ ಒರಗಬೇಕಲ್ಲ. ತೋಟೆಯ ಗೂಡುಗಳು ಮುಂದೆ, ಹನ್ನೆರಡು. ಬಲದ ಆರರಲ್ಲಿ ಗುಂಡಿನ ತೋಟೆ, ಎಡದ ಆರರಲ್ಲಿ ಸಣ್ಣ ಕಾಳಿನ ಚರೆಯ ತೋಟೆ. “ಹಂದಿ ಎದುರು ಇರುವಾಗ ಕಣ್ಣು ಸೊಂಟಕ್ಕೆ ಬರಬಾರ್ದು. ಕೈಗೇ ಗೊತ್ತಿರಬೇಕು” ಎಂದು ಮೊಯ್ದಿನಬ್ಬ ಗೌಡರ ಬಲಗೈ ಹಿಡಿದು ಒಂದೊಂದೇ ಜಾಗಕ್ಕೆ ಮುಟ್ಟಿಸಿದರು. ಗೌಡರು ಕಣ್ಣು ಮುಚ್ಚಿ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ತನ್ನ ಮೈಯ ಬಗ್ಗೆ ಯಾರೋ ಇಷ್ಟು ಹೊತ್ತು ಯೋಚನೆ ಮಾಡಿದ್ದು ಅವರ ಜನ್ಮದಲ್ಲಿ ಅದೇ ಮೊದಲಿರಬೇಕು.

ತಕರಾರು ಶುರುವಾದದ್ದು ಆಮೇಲೆ. ಮೊಯ್ದಿನಬ್ಬ ಚರ್ಮ ತೋರಿಸಿದರು, ಎಣ್ಣೆ ಕುಡಿದ ಒಳ್ಳೆಯ ಚರ್ಮ. ಮಾವ ಎರಡು ಹೆಜ್ಜೆ ಹಿಂದೆ ಸರಿದರು.

“ಚರ್ಮ ಬೇಡ. ಆಯುಧಪೂಜೆಗೆ ದೇವರ ಎದುರು ಇಡ್ಲಿಕ್ಕೆ ಉಂಟು.”

“ಹಾಗಾದ್ರೆ ಪಟ್ಟಾಳದವರ ಮಿಲಿಟರಿ ಕ್ಯಾನ್ವಾಸ್ ಉಂಟು. ಆದ್ರೆ ಭಟ್ರೆ, ಕ್ಯಾನ್ವಾಸ್ ನೀರು ಕುಡಿದ್ರೆ ಬಿಗಿತದೆ. ತೋಟೆಯ ಕಾಗದ ನೀರು ಕುಡಿದ್ರೆ ಉಬ್ತದೆ. ಎರಡೂ ಒಟ್ಟಿಗೆ ಆದ್ರೆ ತೋಟೆ ಹೊರಗೆ ಬರ್ಲಿಕ್ಕಿಲ್ಲ. ಮೇಲಿಂದ ಒಂದು ಮುಚ್ಚಳ ಹೊಲಿದು ಕೊಡ್ತೇನೆ.”

“ಮುಚ್ಚಳ ಎಂತಕ್ಕೆ? ಹಿತ್ತಾಳೆ ಕಾಣುದೇ ಇಲ್ವಲ್ಲ ಮತ್ತೆ.”

ಮೊಯ್ದಿನಬ್ಬ ಮುಚ್ಚಳದ ಮಾತು ಬಿಟ್ಟು ಕ್ಯಾನ್ವಾಸ್ ಬದಿಗಿಟ್ಟರು. ಮತ್ತೆ ಗೌಡರ ಕಡೆ ತಿರುಗಿದರು. “ಗೌಡ್ರೆ, ಕೇಳಿ. ಕಾಡಿಂದ ಬಂದ ಕೂಡ್ಲೇ ತೋಟೆ ಎಲ್ಲ ತೆಗ್ದು ಒಣಗಿದ ಡಬ್ಬಿಯಲ್ಲಿ ಇಡಿ. ಪಟ್ಟಿ ಬೇರೆ, ತೋಟೆ ಬೇರೆ. ತೋಟೆ ತುಂಬಿದ ಪಟ್ಟಿಗೆ ನೀರು ತಾಗಬಾರ್ದು. ಹೊರಡುವ ಮೊದಲು ಹನ್ನೆರಡನ್ನೂ ಒಮ್ಮೆ ಎಳ್ದು ನೋಡಿ. ಯಾರು ಎಂತ ಹೇಳಿದ್ರೂ ಎಳ್ದು ನೋಡಿ.” ನನ್ನ ಕಡೆಗೂ ಬೆರಳು ತೋರಿಸಿ, “ನೀವೂ ಕೇಳಿದ್ರಲ್ಲ?” ಎಂದರು. ಕೇಳಿದೆ ಎಂದೆ.

ನಾಲ್ಕು ವರ್ಷ ಗೌಡರು ಆ ಮಾತನ್ನು ಒಂದು ದಿನವೂ ತಪ್ಪಲಿಲ್ಲ. ಕಾಡಿನಿಂದ ಬಂದು ಕಾಲು ತೊಳೆಯುವ ಮೊದಲು ಜಗಲಿಯ ಕೆಳಗೆ ಕೂತು ತೋಟೆಗಳನ್ನು ಒಂದೊಂದಾಗಿ ತೆಗೆದು, ಒರೆಸಿ, ಡಬ್ಬಿಗೆ ಹಾಕಿ ಕೊಡುತ್ತಿದ್ದರು. ಪಟ್ಟಿಯನ್ನು ಒಲೆಯ ಹೊಗೆ ತಾಗುವಲ್ಲಿ ತೂಗುಹಾಕಲು ನನಗೆ ಹೇಳುತ್ತಿದ್ದರು, ಅವರು ಒಳಗೆ ಬರುವಂತಿರಲಿಲ್ಲ. ಮಾವನಿಗೆ ಇದು ತಮಾಷೆ. “ವೆಂಕಪ್ಪನಿಗೆ ಈಗ ಹೆಂಡತಿಗಿಂತ ಬೆಲ್ಟಿನ ಮೇಲೆ ಪ್ರೀತಿ” ಎಂದು ನಗುತ್ತಿದ್ದರು. ಗೌಡರ ಹೆಂಡತಿ ಈಶ್ವರಿ ಅಂಗಳದಲ್ಲಿ ಭತ್ತ ಹರಡುತ್ತಾ ಅದನ್ನು ಕೇಳಿ ಬೇರೆ ಕಡೆ ತಿರುಗಿ ನಗುತ್ತಿದ್ದರು. ಪಟ್ಟಿ ಸೊಂಟಕ್ಕೆ ಬಂದ ಮೇಲೆ ಗಂಡ ಕಾಡಿಗೆ ಹೋದಾಗ ತನಗೆ ಸ್ವಲ್ಪ ಧೈರ್ಯ ಎಂದು ಅವರು ನಮ್ಮ ಅತ್ತೆಯ ಹತ್ತಿರ ಹೇಳಿದ್ದರಂತೆ.

ಆಯುಧಪೂಜೆಗೂ ಪಟ್ಟಿಯನ್ನು ಖಾಲಿಯಾಗಿಯೇ ಇಡುತ್ತಿದ್ದೆವು. ಕೋವಿ, ಕತ್ತಿ, ಹಾರೆ, ನೇಗಿಲ ಗುಳ, ಅದರ ಪಕ್ಕದಲ್ಲಿ ಖಾಲಿ ಪಟ್ಟಿ. ಹರಿವಾಣದಲ್ಲಿ ವೀಳ್ಯದೆಲೆಯ ಮೇಲೆ ಒಂದೇ ತೋಟೆ. ವಿಜಯದಶಮಿಯ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಮಾವ ಆ ತೋಟೆಯನ್ನೂ ಕೋವಿಯನ್ನೂ ಪ್ರಸಾದದ ಹೂವಿನ ಜೊತೆ ಗೌಡರ ಕೈಗೆ ಕೊಡುವುದು, ಅವರು ಅದೇ ಕಾಲಲ್ಲಿ ಕಾಡಿಗೆ ಹೋಗಿ ಬರುವುದು ನಮ್ಮ ಮನೆಯ ಪದ್ಧತಿ. ಏನಾದರೂ ಸಿಕ್ಕಿದರೆ ವರ್ಷವೆಲ್ಲ ಬೆಳೆಗೆ ಕ್ಷೇಮ ಎಂಬ ನಂಬಿಕೆ.

ಅರವತ್ತೊಂದರಲ್ಲಿ ಪೂಜೆಗೆ ಮಾವನ ಹೊಸ ಬೀಗರು ಬಂದರು. ಮಗಳನ್ನು ಕೊಟ್ಟ ಮನೆ, ಪೇಟೆಯ ಹತ್ತಿರದ ಜನ, ಮಾತಿಗೊಮ್ಮೆ ತಮ್ಮಲ್ಲಿ ಜೋಡಿ ನಳಿಗೆಯ ಕೋವಿ ಇರುವುದನ್ನು ಹೇಳುವವರು. ನವಮಿಯ ದಿನ ಮಾವ ಪೂಜೆಗೆ ಜೋಡಿಸಿದ್ದನ್ನೆಲ್ಲ ನೋಡಿ ಮೂಗು ಮುರಿದರು.

“ಪಟ್ಟಿ ಎಂತ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣ್ತದೆ? ತೋಟೆ ತುಂಬಿಸು ಮೋಹನ. ಹನ್ನೆರಡೂ.”

ನನಗೆ ಗೊತ್ತಿತ್ತು. ಇದನ್ನು ನಾನು ಇನ್ನು ಯಾವ ರೀತಿಯಲ್ಲೂ ತಿರುಗಿಸಿ ಹೇಳಲಾರೆ. ಮೊಯ್ದಿನಬ್ಬ ಬೆರಳು ತೋರಿಸಿ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿತ್ತು. “ಮಾವ, ನೀರು ತಾಗಿದ್ರೆ…” ಎಂದು ಬಾಯಿ ತೆರೆದೆ. ಬೀಗರು ಜಗಲಿಯಿಂದ ಒಳಗೆ ಬಂದರು. ಮಾವ ನನ್ನನ್ನು ನೋಡಿದ ರೀತಿಗೆ ಬಾಯಿ ಮುಚ್ಚಿಕೊಂಡೆ. ಅವರ ಅನ್ನ ತಿನ್ನುತ್ತಿದ್ದೆ, ಅವರು ಕೊಡಿಸಬೇಕಾದ ಒಂದು ಕೆಲಸಕ್ಕೆ ಕಾಯುತ್ತಿದ್ದೆ. ಹನ್ನೆರಡು ತೋಟೆಗಳನ್ನು ಒಂದೊಂದಾಗಿ ತುಂಬಿಸಿದೆ. ಹಿತ್ತಾಳೆ ಹೊಳೆಯಲಿ ಎಂದು ಬಟ್ಟೆಯಿಂದ ಉಜ್ಜಿಯೂ ಉಜ್ಜಿದೆ.

ಪೂಜೆ ಚೆನ್ನಾಗಿಯೇ ನಡೆಯಿತು. ಕಲಶದ ನೀರನ್ನು ಮಾವಿನೆಲೆಯಿಂದ ಮೂರು ಸಲ ಧಾರಾಳವಾಗಿ ಪ್ರೋಕ್ಷಣೆ ಮಾಡಿದರು. ಪ್ರತಿ ಗೂಡಿಗೂ ತೇದ ಗಂಧ ಮೆತ್ತಿ, ಮೇಲೆ ಕುಂಕುಮ ಇಟ್ಟರು. ಬೀಗರು ಪಟ್ಟಿಯನ್ನು ಬಹಳ ಮೆಚ್ಚಿಕೊಂಡರು. ಒಂದು ದಿನ, ಒಂದು ರಾತ್ರಿ ಅದು ಹಾಗೆಯೇ ಇತ್ತು. ಪೂಜೆಗಿಟ್ಟದ್ದನ್ನು ದಶಮಿಯವರೆಗೆ ಮುಟ್ಟುವ ಹಾಗಿಲ್ಲ.

ಮರುದಿನ ಬೆಳಿಗ್ಗೆ ಗೌಡರು ಮಿಂದು, ಶುಭ್ರ ಮುಂಡು ಉಟ್ಟು ಅಂಗಳದಲ್ಲಿ ಬಂದು ನಿಂತರು. ಮಾವ ಪಟ್ಟಿಯನ್ನು ಜಗಲಿಯ ತುದಿಯಲ್ಲಿಟ್ಟರು. ಗೌಡರು ಅದನ್ನು ಎತ್ತಿಕೊಂಡರು. ತೂಕ ಕೈಗೆ ತಿಳಿದಿರಬೇಕು, ಅಲ್ಲೇ ನಿಂತುಬಿಟ್ಟರು.

“ಧಣಿ, ತೋಟೆ ಹಾಕಿ ಇಟ್ಟದ್ದಾ?”

“ಹೌದು. ಎಂತ ಈಗ?”

“ಒಮ್ಮೆ ತೆಗ್ದು ನೋಡ್ತೇನೆ ಧಣಿ. ಒಂದು ಗಳಿಗೆ.”

“ದೇವರ ಪ್ರಸಾದ ಅದು, ವೆಂಕಪ್ಪ. ನೀನು ಪರೀಕ್ಷೆ ಮಾಡುದಾ?” ಮಾವ ಬೀಗರ ಕಡೆ ನೋಡಿ ನಕ್ಕರು. ಬೀಗರೂ ನಕ್ಕರು.

ಗೌಡರು ನನ್ನನ್ನು ನೋಡಿದರು. ಪುತ್ತೂರಿನ ಆ ಅಂಗಡಿಯಲ್ಲಿ ಇದ್ದವರು ನಾವು ಮೂವರೇ. ಮಾವನಿಗೆ ನೆನಪಿರಲಿಲ್ಲ, ಅಥವಾ ಬೇಕಿರಲಿಲ್ಲ. ಉಳಿದವನು ನಾನು. ನಾನೊಂದು ಮಾತು ಹೇಳಿದ್ದರೆ ಸಾಕಿತ್ತು. ಹೆಚ್ಚೆಂದರೆ ಮಾವ ಬೀಗರ ಎದುರು ನನಗೆ ಬೈಯುತ್ತಿದ್ದರು. ನಾನು ಹರಿವಾಣದ ಹೂವು ಸರಿಮಾಡಿದೆ.

ಅವರು ಪಟ್ಟಿ ಕಟ್ಟಿಕೊಂಡರು. ಗಂಧ ಒಣಗಿ ಗೂಡಿನ ಬಾಯಿಗೆ ಅಂಟಿಕೊಂಡಿತ್ತು. ಅದನ್ನು ಎಲ್ಲರೆದುರು ಉಗುರಿನಿಂದ ಕೆರೆಯುವುದು ಅವರಿಂದಾಗಲಿಲ್ಲ. ಹರಿವಾಣದ ತೋಟೆಯನ್ನು ಕಣ್ಣಿಗೆ ಒತ್ತಿಕೊಂಡು ಕೋವಿಗೆ ತುಂಬಿದರು. ಗದ್ದೆಯ ಹುಣಿ ದಾಟಿ ಹೋದರು. ಕಾಡಿನ ಅಂಚು ಸೇರುವ ಮೊದಲು ಬೆನ್ನು ತಿರುಗಿಸಿದ ಹಾಗೆಯೇ ಒಂದು ಸಲ ಸೊಂಟಕ್ಕೆ ಕೈ ಹಾಕಿದ್ದು ಕಂಡಿತು. ಎಳೆದು ನೋಡಿರಬೇಕು. ಸ್ವಲ್ಪ ನಿಂತರು. ವಾಪಸು ಬರುತ್ತಾರೆ ಎಂದುಕೊಂಡೆ, ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ದಶಮಿಯ ದಿನ ಕೊಟ್ಟ ಕೋವಿ ಹಿಡಿದು ಹೊರಟವನು ಅರ್ಧ ದಾರಿಯಿಂದ ತಿರುಗಿ ಬಂದರೆ ಧಣಿಯ ಮನೆಗೆ ಅಪಶಕುನ. ಬರಲಿಲ್ಲ.

ನಾವು ದೋಸೆಗೆ ಕೂತಿದ್ದಾಗ ಈಡು ಕೇಳಿಸಿತು. ಒಂದೇ.

“ಕೇಳಿದ್ರಾ? ನಮ್ಮ ವೆಂಕಪ್ಪನಿಗೆ ಒಂದು ಈಡು ಸಾಕು” ಎಂದರು ಮಾವ. ಬೀಗರು ಹೌದೌದು ಎಂದರು. ನಾನು ಎರಡನೆಯದು ಬರುತ್ತದೋ ಎಂದು ಕಾಯುತ್ತಿದ್ದೆ. ಅತ್ತೆ ಇನ್ನೊಂದು ದೋಸೆ ಬಡಿಸಿದರು, ಅದನ್ನೂ ತಿಂದೆ.

ಮಧ್ಯಾಹ್ನದವರೆಗೆ ಬರದಿದ್ದಾಗ ಮಾವ, ನಾನು, ಇನ್ನೊಬ್ಬ ಒಕ್ಕಲು ಅಲಿ ಕುಂಞಿ ಹುಡುಕಿಕೊಂಡು ಹೋದೆವು. ಬಿದಿರಿನ ಮೆಳೆಯ ಹತ್ತಿರ ಹಂದಿಯ ರಕ್ತ, ಅದರಿಂದ ಇಪ್ಪತ್ತು ಹೆಜ್ಜೆ ಆಚೆ ಗೌಡರು. ಹಂದಿಯ ಕೋರೆ ತೊಡೆಯನ್ನು ಸೀಳಿತ್ತು. ಮೈ ತಣ್ಣಗಾಗಿತ್ತು. ಖಾಲಿ ಕೋವಿ ತೋಟೆ ತುಂಬುವಲ್ಲಿ ಬಾಗಿ ತೆರೆದುಕೊಂಡೇ ಇತ್ತು, ಎರಡನೆಯ ತೋಟೆಗೆ ಕಾಯುತ್ತಾ. ಬಲಗೈಯ ಎರಡು ಉಗುರು ಕಿತ್ತುಹೋಗಿದ್ದವು. ಉಳಿದ ಉಗುರುಗಳ ಸಂದಿಯಲ್ಲಿ ಒಣ ಗಂಧ.

ಅಲಿ ಕುಂಞಿ ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಗೌಡರ ಮುಖಕ್ಕೆ ಹೊದಿಸಿ ಅತ್ತ. ಮಾವ ಅಳಲಿಲ್ಲ. ಅವರ ಮುಖ ಬೂದಿಯಾಗಿತ್ತು, ಅದು ನಿಜ. ಆದರೆ ತಲೆ ಕೆಲಸ ಮಾಡುತ್ತಿತ್ತು. ತನ್ನ ಲೈಸೆನ್ಸಿನ ಕೋವಿ, ಇನ್ನೊಬ್ಬನ ಕೈಯಲ್ಲಿ, ಒಂದು ಸಾವು. ಅಲಿ ಕುಂಞಿಯನ್ನು ಜನ ಕರೆದುಕೊಂಡು ಬರಲು ಕಳಿಸಿದರು. ಆಮೇಲೆ ನನಗೆ ಹೇಳಿದರು.

“ಬೆಲ್ಟ್ ಬಿಚ್ಚು, ಮೋಹನ.”

ಬಿಚ್ಚಿದೆ. ಮೊಯ್ದಿನಬ್ಬ ಹೊಲಿದ ಪಟ್ಟಿ ಎಷ್ಟು ಸರಿಯಾಗಿ ಕೂತಿತ್ತೆಂದರೆ ಬಕ್ಕಲು ಬಿಡಿಸಲು ಗೌಡರ ಮೈಯನ್ನು ಒಂದು ಬದಿಗೆ ಹೊರಳಿಸಬೇಕಾಯಿತು. ಕತ್ತಿಯನ್ನು ಅವರ ಕೈಯ ಹತ್ತಿರ ಇಟ್ಟೆವು. ಪಟ್ಟಿಯನ್ನೂ ಕೋವಿಯನ್ನೂ ನಾನು ಗದ್ದೆಯ ಕೆಳಗಿನ ದಾರಿಯಿಂದ ಮನೆಗೆ ತಂದೆ. ವೆಂಕಪ್ಪ ಸೊಪ್ಪು ಕಡಿಯಲು ಹೋದವನು, ಹಂದಿ ತಿವಿಯಿತು ಎಂದು ಮಾವ ಬಂದವರಿಗೆಲ್ಲ ಹೇಳಿದರು. ಸರಕಾರಿ ಕಾಗದದಲ್ಲಿಯೂ ಹಾಗೆಯೇ ಬಂತು. ಬರೆದು ಕೊಟ್ಟವನು ನಾನೇ, ನನ್ನ ಅಕ್ಷರ ದುಂಡಗೆ ಚೆನ್ನಾಗಿತ್ತು. ಅಲಿ ಕುಂಞಿಯೂ ಬಾಯಿ ಬಿಡಲಿಲ್ಲ. ಅವನೂ ಮಾವನ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವನು.

ಮರುದಿನ ಮಾವ ತೋಟೆಗಳನ್ನು ತೆಗೆದು ಡಬ್ಬಿಗೆ ಹಾಕಲು ಹೇಳಿದರು. ಕೈಯಿಂದ ಬರಲಿಲ್ಲ. ಪಟ್ಟಿಯನ್ನು ಮೊಣಕಾಲ ಕೆಳಗೆ ಒತ್ತಿ ಹಿಡಿದು ಇಕ್ಕಳದಿಂದ ಎಳೆದೆ. ಬೆವರು ಇಳಿದು ಕಣ್ಣಿಗೆ ಬಂತು. ಹನ್ನೆರಡು ತೆಗೆಯಲು ಮಧ್ಯಾಹ್ನವಾಯಿತು. ಬಲದ ಮೂರನೆಯ ಗೂಡಿನ ಬಾಯಿ ಹರಿದಿತ್ತು, ಆ ತೋಟೆ ಅರ್ಧ ಬೆರಳಿನಷ್ಟು ಮೇಲೆ ಬಂದಿತ್ತು. ಅಷ್ಟು ಮಾತ್ರ.

ಉತ್ತರಕ್ರಿಯೆಗೆ ಮಾವ ಅಕ್ಕಿ, ತೆಂಗಿನಕಾಯಿ, ಬೆಲ್ಲ ಕಳಿಸಿದರು. ಸೊಪ್ಪಿಗೆ ಹೋಗಿ ಸತ್ತ ಒಕ್ಕಲಿಗೆ ಯಾವ ಧಣಿ ಇಷ್ಟು ಮಾಡುತ್ತಾನೆ ಎಂದು ಊರಿನವರು ಹೊಗಳಿದರು. ಮಾವ ಅದನ್ನು ಬೇಡ ಬೇಡ ಎನ್ನುತ್ತಾ ಕೇಳಿಸಿಕೊಂಡರು.

ಕ್ರಿಯೆಯ ಮರುದಿನ ಈಶ್ವರಿ ಬಂದರು. ಮಾವ ಊಟ ಮಾಡಿ ಮಲಗಿದ್ದರು, ಜಗಲಿಯಲ್ಲಿ ನಾನೊಬ್ಬನೇ. ಹೊಲಿಗೆ ಸರಿಮಾಡಲು ಕಳಿಸಬೇಕು ಎಂದು ಮಾವ ಹೇಳಿದ್ದರಿಂದ ಆ ಪಟ್ಟಿ ನನ್ನ ಪಕ್ಕದಲ್ಲೇ ಇತ್ತು. ಮುಚ್ಚಿಡಲು ಹೊತ್ತಾಗಲಿಲ್ಲ. ಅವರು ಅದನ್ನು ನೋಡಿದರು. ಅಕ್ಕಿ ಕೊಟ್ಟ ಬುಟ್ಟಿಯನ್ನು ಜಗಲಿಯ ತುದಿಯಲ್ಲಿ ಇಟ್ಟರು, ತೊಳೆದು ತಂದಿದ್ದರು.

“ಎಂತ ಈಶ್ವರಿ?” ಎಂದೆ.

“ಅವ್ರಿಗೆ ಕೊನೆಯ ನೀರು ಹೊಯ್ದದ್ದು ನಾನು, ಸಣ್ಣ ಧಣಿ.” ದನಿಯಲ್ಲಿ ಅಳು ಇರಲಿಲ್ಲ. “ಸೊಂಟದ ಸುತ್ತ ಪಟ್ಟಿಯ ಬರೆ ಇತ್ತು. ಮುಂದೆ ಒಂದೊಂದು ತೋಟೆಯ ಗುರುತೂ ಇತ್ತು. ಲೆಕ್ಕ ಮಾಡಿದೆ, ಹನ್ನೆರಡು. ಬೆನ್ನಲ್ಲಿ ಇರ್ಲಿಲ್ಲ, ಅಲ್ಲಿ ಒರಗ್ಲಿಕ್ಕೆ ಜಾಗ ಬಿಟ್ಟದ್ದು ಅಂತ ಅವ್ರು ನನಗೆ ಹೇಳಿದ್ರು.”

ನಾನು ಪಟ್ಟಿಯನ್ನು ಬೆನ್ನ ಹಿಂದೆ ಸರಿಸಿದೆ.

“ಪಟ್ಟಿ ಬಿಚ್ಚಿದ್ರಿ. ಬರೆ ಬಿಚ್ಚಲಿಕ್ಕೆ ಮರ್ತು ಹೋಯ್ತಾ?”

ಒಳಗಿನಿಂದ ಮಾವ, “ಯಾರು ಮೋಹನ ಅದು?” ಎಂದು ಕೂಗಿದರು. ಯಾರೂ ಇಲ್ಲ ಎಂದೆ. ಅಂಗಳ ದಾಟುತ್ತಿದ್ದ ಈಶ್ವರಿಯ ಹೆಜ್ಜೆ ಒಮ್ಮೆ ನಿಂತು ಮತ್ತೆ ಮುಂದೆ ಹೋಯಿತು. ನನ್ನ ಉತ್ತರ ಅವರಿಗೆ ಕೇಳಿಸಿತ್ತು.